ಹಗ್ಗ ಹಿಗ್ಗಿದಷ್ಟೂ ಹೊಡೆತ ಕಮ್ಮಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಬಂಡೆ ಏರುವ ಹಗ್ಗ ಎಷ್ಟು ಹಿಗ್ಗುತ್ತದೆ, ಬಿದ್ದಾಗ ಎಷ್ಟು ಬಲವಾಗಿ ಎಳೆಯುತ್ತದೆ ಎಂಬ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬೇರೆ ಹೇಳದ ಕಡೆಯೆಲ್ಲ ಏರುವವರ ತೂಕ 80 ಕೆ.ಜಿ., ಹಗ್ಗ ಪರೀಕ್ಷೆಯ ಬೀಳಿನ ಎಳೆತ 9 ಕಿಲೋನ್ಯೂಟನ್ ಎಂದು ಚೀಟಿಯಲ್ಲಿ ಬರೆದಿರುವ ಸಾಮಾನ್ಯ ಸಿಂಗಲ್ ರೋಪ್ (ಒಂಟಿಯಾಗಿ ಬಳಸುವ ಹಗ್ಗ) ಎಂದು ಇಟ್ಟುಕೊಳ್ಳಿ. ಒಂದು ಕಿಲೋನ್ಯೂಟನ್ ಎಂದರೆ ಸುಮಾರು 102 ಕೆ.ಜಿ. ತೂಕವನ್ನು ತೂಗುಬಿಟ್ಟಾಗ ಆಗುವಷ್ಟು ಎಳೆತ.

ಪ್ರಶ್ನೆ: 6 ಮೀಟರ್ ಹಗ್ಗ ಹೊರಗಿದ್ದಾಗ (ಏರುವವರಿಂದ ಹಗ್ಗ ಹಿಡಿದವರವರೆಗೆ) 3 ಮೀಟರ್ ಬಿದ್ದರೂ, 30 ಮೀಟರ್ ಹೊರಗಿದ್ದಾಗ 15 ಮೀಟರ್ ಬಿದ್ದರೂ ಹೊಡೆತ ಒಂದೇ ಎನ್ನುತ್ತಾರೆ. 15 ಮೀಟರ್ ಬಿದ್ದವರಿಗೆ ವೇಗ ಜಾಸ್ತಿ ಇರುವುದಿಲ್ಲವೇ?

ಉತ್ತರ: ಇರುತ್ತದೆ. 3 ಮೀಟರ್ ಬಿದ್ದವರು ಗಂಟೆಗೆ ಸುಮಾರು 28 ಕಿ.ಮೀ. ವೇಗದಲ್ಲಿರುತ್ತಾರೆ, 15 ಮೀಟರ್ ಬಿದ್ದವರು 62 ಕಿ.ಮೀ. ಆದರೆ ಆ ವೇಗವನ್ನು ನುಂಗಿಕೊಳ್ಳಲು ಎರಡನೆಯವರಿಗೆ ಐದು ಪಟ್ಟು ಉದ್ದದ ಹಗ್ಗವೂ ಇದೆ. ಬೀಳುವ ಶಕ್ತಿ ಐದು ಪಟ್ಟು, ಹಿಗ್ಗಲು ಸಿಕ್ಕಿದ ಹಗ್ಗವೂ ಐದು ಪಟ್ಟು. ಹೀಗಾಗಿ ಗರಿಷ್ಠ ಎಳೆತ ಅಷ್ಟೇ ಉಳಿಯುತ್ತದೆ. ಬಿದ್ದ ದೂರವನ್ನು ಹೊರಗಿರುವ ಹಗ್ಗದ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಫಾಲ್ ಫ್ಯಾಕ್ಟರ್. ನಿಮ್ಮ ಎರಡೂ ಉದಾಹರಣೆಗಳಲ್ಲಿ ಅದು 0.5.

ಹಗ್ಗವನ್ನು ಸ್ಪ್ರಿಂಗ್ ಎಂದುಕೊಂಡು ಲೆಕ್ಕ ಹಾಕಿದರೆ ಫ್ಯಾಕ್ಟರ್ 0.3ಕ್ಕೆ 4.3 ಕಿಲೋನ್ಯೂಟನ್, 0.5ಕ್ಕೆ 5.3, 1ಕ್ಕೆ 7.1, 2ಕ್ಕೆ 9.7 ಬರುತ್ತದೆ. ಗಮನಿಸಿ, ಫ್ಯಾಕ್ಟರ್ ದುಪ್ಪಟ್ಟಾದರೂ ಎಳೆತ ದುಪ್ಪಟ್ಟಾಗುವುದಿಲ್ಲ. ಅದು ಹೆಚ್ಚುಕಡಿಮೆ ವರ್ಗಮೂಲದಂತೆ ಏರುತ್ತದೆ. ಇನ್ನೊಂದು ಸೋಜಿಗ: ಫ್ಯಾಕ್ಟರ್ ಸೊನ್ನೆಯಾದರೂ ಎಳೆತ ಸೊನ್ನೆಯಲ್ಲ. ಸಡಿಲವೂ ಇಲ್ಲದ, ಬಿಗಿಯೂ ಇಲ್ಲದ ಹಗ್ಗದ ಮೇಲೆ ಥಟ್ಟನೆ ಕೈಬಿಟ್ಟು ಕೂತರೆ ಮೈತೂಕದ ಎರಡು ಪಟ್ಟು, ಅಂದರೆ ಸುಮಾರು 1.6 ಕಿಲೋನ್ಯೂಟನ್ ಬೀಳುತ್ತದೆ.

ಇವೆಲ್ಲ ಬಿಲೇ ಕಡೆಯ, ಅಂದರೆ ಬಿದ್ದವರನ್ನು ತಡೆಯಲು ಹಗ್ಗ ಹಿಡಿದು ನಿಂತವರ ಕಡೆಯ, ತುದಿಯನ್ನು ಗೋಡೆಗೆ ಬಿಗಿದು ಕಟ್ಟಿದಂತೆ ಭಾವಿಸಿದ ಲೆಕ್ಕ. ನಿಜದಲ್ಲಿ ಬಿಲೇ ಸಾಧನದೊಳಗೆ ಹಗ್ಗ ಒಂದಿಷ್ಟು ಜಾರುತ್ತದೆ, ಬಿಲೇ ಮಾಡುವವರು ಮೇಲಕ್ಕೇಳುತ್ತಾರೆ, ಗಂಟು ಬಿಗಿಯಾಗುತ್ತದೆ, ಹಾರ್ನೆಸ್ಸೂ (ಹಗ್ಗ ಕಟ್ಟಿಕೊಳ್ಳುವ ಸೊಂಟಪಟ್ಟಿ) ಮೈಯೂ ಬಾಗುತ್ತವೆ. ಹೀಗಾಗಿ ಹಗ್ಗ ಸಿಕ್ಕಿಸಲು ಕಲ್ಲಿಗೆ ಬೋಲ್ಟ್ ಹಾಕಿದ ದಾರಿಗಳ ಮಾಮೂಲಿ ಬೀಳುಗಳಲ್ಲಿ ಏರುವವರಿಗೆ ತಟ್ಟುವುದು 2ರಿಂದ 4 ಕಿಲೋನ್ಯೂಟನ್ ಅಷ್ಟೇ.

ಎರಡು ಬೀಳುಗಳಲ್ಲಿ ಒಂದೇ ಆಗಿರದ ಸಂಗತಿಯೂ ಒಂದಿದೆ, ಅದನ್ನು ಮರೆಯಬೇಡಿ. ಅದೇ 5.3 ಕಿಲೋನ್ಯೂಟನ್ ಎಳೆತಕ್ಕೆ 6 ಮೀಟರ್ ಹಗ್ಗ ಸುಮಾರು 1.3 ಮೀಟರ್ ಹಿಗ್ಗಿದರೆ, 30 ಮೀಟರ್ ಹಗ್ಗ 6 ಮೀಟರಿಗೂ ಹೆಚ್ಚು ಹಿಗ್ಗುತ್ತದೆ. 15 ಮೀಟರ್ ಕೆಳಗೆ ಚಾಚಿದ ಕಲ್ಲು ಇಲ್ಲದಿದ್ದರೆ ಸಾಲದು, 21 ಮೀಟರಿನಲ್ಲೂ ಇರಬಾರದು.

ಪ್ರಶ್ನೆ: ಹಗ್ಗದ ಚೀಟಿಯಲ್ಲಿ ‘ಇಂಪ್ಯಾಕ್ಟ್ ಫೋರ್ಸ್ 9 ಕಿಲೋನ್ಯೂಟನ್, ಡೈನಮಿಕ್ ಎಲಾಂಗೇಶನ್ 34%, ಸ್ಟ್ಯಾಟಿಕ್ ಎಲಾಂಗೇಶನ್ 8%, ಫಾಲ್ಸ್ 7’ ಎಂದಿದೆ. ಏಳು ಸಲ ಬಿದ್ದ ಮೇಲೆ ಹಗ್ಗ ಬಿಸಾಡಬೇಕೇ?

ಉತ್ತರ: ಬೇಡ. ಆ ಏಳು, ನೀವು ಬೀಳುವಂಥ ಬೀಳುಗಳಲ್ಲ. ಯುಐಎಎ 101 (ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ್ದು) ಮತ್ತು ಇಎನ್ 892 (ಯುರೋಪಿನದು) ಮಾನದಂಡಗಳ ಪರೀಕ್ಷೆಯಲ್ಲಿ 80 ಕೆ.ಜಿ.ಯ ಲೋಹದ ತೂಕವನ್ನು ಸುಮಾರು 2.8 ಮೀಟರ್ ಹಗ್ಗಕ್ಕೆ ಕಟ್ಟಿ 4.8 ಮೀಟರ್ ಬೀಳಿಸುತ್ತಾರೆ. ಫ್ಯಾಕ್ಟರ್ ಸುಮಾರು 1.7. ಕ್ಯಾರಬಿನರ್ (ಹಗ್ಗ ಸಿಕ್ಕಿಸುವ, ಬಾಯಿ ತೆರೆಯುವ ಲೋಹದ ಕೊಂಡಿ) ಅಂಚಿನಷ್ಟು, ಅಂದರೆ 5 ಮಿ.ಮೀ. ತ್ರಿಜ್ಯದ ಲೋಹದ ಅಂಚಿನ ಮೇಲೆ ಹಗ್ಗ ಬಾಗುತ್ತದೆ. ಇನ್ನೊಂದು ತುದಿ ಬಿಗಿಯಾಗಿ ಕಟ್ಟಿರುತ್ತದೆ. ಬಿಲೇ ಸಾಧನವಿಲ್ಲ, ಜಾರುವಿಕೆ ಇಲ್ಲ, ಮಣಿಯುವ ಮೈ ಇಲ್ಲ. ಐದು ನಿಮಿಷಕ್ಕೊಮ್ಮೆ ಅದೇ ಜಾಗದ ಮೇಲೆ ಮತ್ತೆ ಮತ್ತೆ. ಸಿಂಗಲ್ ರೋಪ್ ಇಂಥ ಐದನ್ನಾದರೂ ತಾಳಬೇಕು. ನಿಮ್ಮದು ಏಳು ತಾಳಿದೆ. ಬಂಡೆಯ ಮೇಲೆ ಅಂಥ ಒಂದು ಬೀಳು ಬೀಳುವುದೇ ಅಪರೂಪ. ಒಂದು ಸಲ ಬಿದ್ದರೆ ಮಾತ್ರ ಆ ಹಗ್ಗಕ್ಕೆ ನಿವೃತ್ತಿ ಕೊಡುವುದು ಜಾಣತನ.

9 ಕಿಲೋನ್ಯೂಟನ್ ಎಂಬುದು ಮೊದಲನೆಯ ಬೀಳಿನಲ್ಲಿ ಅಳೆದದ್ದು. ಒಮ್ಮೆ ಬಿದ್ದಾಗ ಹಗ್ಗದೊಳಗಿನ ನೈಲಾನ್ ಎಳೆಗಳು ಹಿಗ್ಗಿ, ಒಂದಕ್ಕೊಂದು ಉಜ್ಜಿ, ಶಕ್ತಿಯನ್ನು ಶಾಖವಾಗಿಸುತ್ತವೆ. ಮರಳಿ ಮೊದಲಿನ ಉದ್ದಕ್ಕೆ ಬರಲು ಅವಕ್ಕೆ ಹೊತ್ತು ಬೇಕು, ಪೂರ್ತಿ ಬರುವುದೂ ಇಲ್ಲ. ಎರಡನೆಯ, ಮೂರನೆಯ ಬೀಳಿಗೆ ಹಗ್ಗ ಬಿಗುವಾಗಿರುತ್ತದೆ, ಎಳೆತ ಏರುತ್ತ ಹೋಗುತ್ತದೆ. ಒಂದೇ ಕಷ್ಟದ ಜಾಗದಲ್ಲಿ ಮತ್ತೆ ಮತ್ತೆ ಬೀಳುತ್ತಿದ್ದರೆ ಎರಡು ಪ್ರಯತ್ನಗಳ ನಡುವೆ ಐದು-ಹತ್ತು ನಿಮಿಷ ಹಗ್ಗದ ಮೇಲೆ ಭಾರ ಬಿಡದಿರಿ, ಗಂಟನ್ನು ಬಿಚ್ಚಿ ಮತ್ತೆ ಕಟ್ಟಿ. ದೊಡ್ಡ ಬೀಳಿನ ನಂತರ ಇನ್ನೊಂದು ತುದಿಯನ್ನು ಕಟ್ಟಿಕೊಳ್ಳಿ.

ಉಳಿದ ಮಿತಿಗಳನ್ನೂ ಹೇಳಿಬಿಡುತ್ತೇವೆ. ಸಿಂಗಲ್ ರೋಪಿಗೆ ಮೊದಲ ಬೀಳಿನ ಎಳೆತ 12 ಕಿಲೋನ್ಯೂಟನ್ ಮೀರಬಾರದು. ಪ್ಯಾರಾಚೂಟಿನಲ್ಲಿ ಧುಮುಕುವವರ ಮೇಲೆ ನಡೆದ ಅಧ್ಯಯನಗಳಿಂದ ಬಂದ ಮಿತಿ ಇದು. ಕ್ಷಣಮಾತ್ರಕ್ಕೆ ಮನುಷ್ಯ ತಾಳಬಲ್ಲದ್ದು ಮೈತೂಕದ ಸುಮಾರು 15 ಪಟ್ಟು ಎಂದು ಹಿಡಿದರೆ 80 ಕೆ.ಜಿ.ಗೆ ಹೆಚ್ಚುಕಡಿಮೆ 12 ಕಿಲೋನ್ಯೂಟನ್ ಆಗುತ್ತದೆ. ಡೈನಮಿಕ್ ಎಲಾಂಗೇಶನ್ ಎಂದರೆ ಇದೇ ಪರೀಕ್ಷೆಯ ಮೊದಲ ಬೀಳಿನಲ್ಲಿ ಹಗ್ಗ ಹಿಗ್ಗಿದ ಪ್ರಮಾಣ, ಅದು 40% ದಾಟಬಾರದು. ಸ್ಟ್ಯಾಟಿಕ್ ಎಂದರೆ 80 ಕೆ.ಜಿ.ಯನ್ನು ಸುಮ್ಮನೆ ತೂಗುಬಿಟ್ಟಾಗಿನದು, ಸಿಂಗಲ್ ರೋಪಿಗೆ 10% ಮಿತಿ. ಹಗ್ಗ ನಿಜವಾದ ಸ್ಪ್ರಿಂಗ್ ಅಲ್ಲ: ಕಡಿಮೆ ಭಾರಕ್ಕೆ ಮೆತ್ತಗೆ ಹಿಗ್ಗಿ, ಭಾರ ಏರಿದಂತೆ ಬಿಗಿಯಾಗುತ್ತದೆ. ಆದ್ದರಿಂದ ಒಂದು ಸಂಖ್ಯೆಯಿಂದ ಇನ್ನೊಂದನ್ನು ಊಹಿಸಲು ಹೋಗಬೇಡಿ.

ಪ್ರಶ್ನೆ: ಟಾಪ್ ರೋಪಿನಲ್ಲಿ (ಮೇಲಿನ ಆಧಾರದ ಮೂಲಕ ಹಾಯಿಸಿ ಇಳಿಬಿಟ್ಟ ಹಗ್ಗದಲ್ಲಿ) ಒಂದೂವರೆ ಮೀಟರ್ ಏರಿ ಕೈ ತಪ್ಪಿದರೆ, ಬಿಲೇ ಮಾಡುವವರು ಸರಿಯಾಗಿ ಹಿಡಿದಿದ್ದರೂ ಕಾಲು ನೆಲಕ್ಕೆ ಬಡಿಯುವುದು ಏಕೆ?

ಉತ್ತರ: ಹಗ್ಗ ಹಿಗ್ಗುವುದರಿಂದ. ಮೇಲೆ ಹೇಳಿದ ಸ್ಟ್ಯಾಟಿಕ್ ಎಲಾಂಗೇಶನ್ ನಿಜಕ್ಕೂ ಕಾಣುವುದು ಇಲ್ಲಿಯೇ. 20 ಮೀಟರ್ ಎತ್ತರದ ಗೋಡೆಯಲ್ಲಿ ನೀವು ಒಂದೂವರೆ ಮೀಟರ್ ಮೇಲಿದ್ದಾಗ ನಿಮ್ಮಿಂದ ಆಂಕರಿನವರೆಗೆ, ಅಂದರೆ ಮೇಲಿನ ಗಟ್ಟಿ ಆಧಾರದವರೆಗೆ, 18.5 ಮೀಟರ್, ಅಲ್ಲಿಂದ ಕೆಳಗೆ ಬಿಲೇವರೆಗೆ 20 ಮೀಟರ್ ಹಗ್ಗವಿದೆ. ನಿಮ್ಮ ಕಡೆಯದು 8% ಹಿಗ್ಗಿದರೆ ಸುಮಾರು ಒಂದೂವರೆ ಮೀಟರ್. ಮೇಲಿನ ಕ್ಯಾರಬಿನರಿನ ಘರ್ಷಣೆಯಿಂದ ಬಿಲೇ ಕಡೆಗೆ ಎಳೆತ ಹೆಚ್ಚುಕಡಿಮೆ 60% ಮಾತ್ರ ದಾಟುತ್ತದೆ, ಆ ಕಡೆಯೂ ಸುಮಾರು ಒಂದು ಮೀಟರ್ ಹಿಗ್ಗುತ್ತದೆ. ಒಟ್ಟು ಎರಡೂವರೆ ಮೀಟರಿನ ಹತ್ತಿರ. ನೀವು ಇದ್ದದ್ದು ಒಂದೂವರೆ ಮೀಟರಿನಲ್ಲಿ! ಬಿಲೇ ಮಾಡುವವರನ್ನು ಬೈದು ಪ್ರಯೋಜನವಿಲ್ಲ.

ಬದಲಿಗೆ, ಏರುವ ಮೊದಲೇ ಬಿಲೇ ಮಾಡುವವರು ಹಗ್ಗದ ಸಡಿಲವನ್ನೆಲ್ಲ ಎಳೆದುಕೊಂಡು ಸೊಂಟದಿಂದ ಹಿಂದಕ್ಕೆ ಭಾರ ಹಾಕಿ ನಿಲ್ಲಬೇಕು. ಹಿಗ್ಗಬೇಕಾದದ್ದರಲ್ಲಿ ಒಂದು ಪಾಲು ಆಗಲೇ ಹಿಗ್ಗಿರುತ್ತದೆ. ಮೊದಲ ಮೂರು-ನಾಲ್ಕು ಮೀಟರ್ ಹೀಗೆಯೇ ಬಿಗಿಯಾಗಿ ಹಿಡಿದಿರಬೇಕು. ಕೆಳಗೆ ಕಲ್ಲುಗಳಿದ್ದರೆ ಪಕ್ಕದಲ್ಲಿ ಇನ್ನೊಬ್ಬರು ಕೈಯೊಡ್ಡಿ ನಿಲ್ಲಲಿ. ಬರೀ ಟಾಪ್ ರೋಪಿಗೇ ಮೀಸಲಾದ ಜಾಗಗಳಲ್ಲಿ ಕಡಿಮೆ ಹಿಗ್ಗುವ ಹಗ್ಗವನ್ನು ಹಾಕುವುದೂ ಇದಕ್ಕೇ. ಮೇಲೇರಿದಂತೆ ನಿಮ್ಮ ಕಡೆಯ ಹಗ್ಗ ಕಿರಿದಾಗುತ್ತ ಹೋಗುವುದರಿಂದ ಈ ತೊಂದರೆ ತಾನಾಗಿ ಕಡಿಮೆಯಾಗುತ್ತದೆ.

ಪ್ರಶ್ನೆ: ಹಗುರ ಮೈಯವರಿಗೆ ಹೊಡೆತ ಕಡಿಮೆ ತಾನೇ?

ಉತ್ತರ: ಕಿಲೋನ್ಯೂಟನ್ ಲೆಕ್ಕದಲ್ಲಿ ಹೌದು, ಮೈಗೆ ತಟ್ಟುವ ಲೆಕ್ಕದಲ್ಲಿ ಇಲ್ಲ. ಫ್ಯಾಕ್ಟರ್ 0.5ರ ಬೀಳಿನಲ್ಲಿ 60 ಕೆ.ಜಿ.ಯವರಿಗೆ 4.5 ಕಿಲೋನ್ಯೂಟನ್, 100 ಕೆ.ಜಿ.ಯವರಿಗೆ 6. ಆದರೆ ಅವರವರ ಮೈತೂಕಕ್ಕೆ ಹೋಲಿಸಿದರೆ 60ರವರಿಗೆ ಅದು ಏಳೂವರೆ ಪಟ್ಟು, 100ರವರಿಗೆ ಆರು ಪಟ್ಟು. ಒಂದೇ ಹಗ್ಗ ಹಗುರ ಮೈಯವರಿಗೆ ಹೆಚ್ಚು ಗಡುಸು. ತೂಕ ಕಡಿಮೆಯಿದ್ದವರು ಹಗ್ಗ ಆರಿಸುವಾಗ ಇಂಪ್ಯಾಕ್ಟ್ ಫೋರ್ಸ್ ಕಡಿಮೆ ಇರುವುದನ್ನು ನೋಡಲಿ.

ಪ್ರಶ್ನೆ: ಹಾಫ್ ರೋಪಿನ (ಜೋಡಿಯಾಗಿ ಬಳಸುವ ತೆಳು ಹಗ್ಗ) ಮೇಲೆ 6 ಕಿಲೋನ್ಯೂಟನ್ ಎಂದಿದೆ, ಸಿಂಗಲ್ ರೋಪಿನ ಮೇಲೆ 9. ಎರಡು ಹಾಫ್ ರೋಪುಗಳನ್ನು ಒಂದೇ ಕ್ಯಾರಬಿನರಿನಲ್ಲಿ ಹಾಕಿದರೆ ಇನ್ನೂ ಮೃದುವಾಗುವುದೇ?

ಉತ್ತರ: ತದ್ವಿರುದ್ಧ. ಮೊದಲನೆಯದಾಗಿ ಆ 6 ಮತ್ತು 9 ಹೋಲಿಸುವ ಸಂಖ್ಯೆಗಳೇ ಅಲ್ಲ: ಹಾಫ್ ರೋಪನ್ನು ಒಂದೇ ಎಳೆಯಲ್ಲಿ 55 ಕೆ.ಜಿ. ತೂಕದಿಂದ ಪರೀಕ್ಷಿಸುತ್ತಾರೆ, ಮಿತಿ 8 ಕಿಲೋನ್ಯೂಟನ್. ಆ 6ರ ಹಗ್ಗಕ್ಕೇ 80 ಕೆ.ಜಿ. ಕಟ್ಟಿ ಅದೇ ಬೀಳು ಬೀಳಿಸಿದರೆ ಲೆಕ್ಕದಲ್ಲಿ 7.4 ಬರುತ್ತದೆ. ಆಗಲೂ ಸಿಂಗಲ್ ರೋಪಿಗಿಂತ ಮೃದುವೇ, ಆದರೆ ಚೀಟಿ ನೋಡಿ ಅಂದುಕೊಂಡಷ್ಟಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡು ಸ್ಪ್ರಿಂಗುಗಳನ್ನು ಅಕ್ಕಪಕ್ಕ ಕಟ್ಟಿದಂತೆ. ಬಿಗುವು ದುಪ್ಪಟ್ಟು, ಎಳೆತ 10 ದಾಟುತ್ತದೆ. ಹಾಫ್ ರೋಪುಗಳ ಗುಣವೇ ಒಂದನ್ನು ಎಡಗಡೆಯ, ಇನ್ನೊಂದನ್ನು ಬಲಗಡೆಯ ಆಧಾರಗಳಿಗೆ (ಬೋಲ್ಟ್ ಮುಂತಾದವು) ಹಾಕುತ್ತ ಹೋಗುವುದರಲ್ಲಿದೆ. ಒಟ್ಟಿಗೇ ಹಾಕಬೇಕೆಂದರೆ ಟ್ವಿನ್ ಎಂದೂ ಪ್ರಮಾಣಿತವಾದ ಹಗ್ಗ ಕೊಳ್ಳಿ; ಅವನ್ನು ಎರಡೆಳೆ ಸೇರಿಸಿ 80 ಕೆ.ಜಿ.ಯಿಂದಲೇ ಪರೀಕ್ಷಿಸಿರುತ್ತಾರೆ.

ಪ್ರಶ್ನೆ: ಹೊಡೆತ ಮೃದುವಾಗಲಿ ಎಂದು ಬಿಲೇಯಲ್ಲಿ ಒಂದು ಮೀಟರ್ ಹಗ್ಗ ಸಡಿಲ ಬಿಟ್ಟಿರಬೇಕು ಎಂಬ ಮಾತು ಸರಿಯೇ?

ಉತ್ತರ: ಬಹಳ ಹಳೆಯ ತಪ್ಪು ತಿಳಿವಳಿಕೆ. 10 ಮೀಟರ್ ಹಗ್ಗ ಹೊರಗಿದೆ, ಕೊನೆಯ ಬೋಲ್ಟಿಗಿಂತ 2 ಮೀಟರ್ ಮೇಲಿದ್ದೀರಿ. ಬಿದ್ದರೆ 4 ಮೀಟರ್, ಫ್ಯಾಕ್ಟರ್ 0.4, ಲೆಕ್ಕದ ಎಳೆತ 4.8. ಒಂದು ಮೀಟರ್ ಸಡಿಲ ಸೇರಿಸಿ: 11 ಮೀಟರ್ ಹಗ್ಗ, 5 ಮೀಟರ್ ಬೀಳು, ಫ್ಯಾಕ್ಟರ್ 0.45, ಎಳೆತ 5.1. ಮೃದುವಾಗಲಿಲ್ಲ, ಕೊಂಚ ಗಡುಸೇ ಆಯಿತು. ಅದರ ಜೊತೆಗೆ ವೇಗ ಹೆಚ್ಚಿತು, ನೆಲ ಹತ್ತಿರವಾಯಿತು.

ಮೃದು ಮಾಡುವುದು ಹಗ್ಗ ಬಿಗಿಯಾಗತೊಡಗಿದ ಮೇಲೆ ಬಿಲೇ ಮಾಡುವವರ ಮೈ ಸಾಗುವ ದೂರ. ಮೊಣಕಾಲು ಕೊಂಚ ಮಡಚಿ ನಿಂತು, ಎಳೆತ ಸೊಂಟಕ್ಕೆ ತಾಗಿದ ಕ್ಷಣದಲ್ಲಿ ಪುಟ್ಟದಾಗಿ ನೆಗೆದರೆ ಸಾಕು. ಎಳೆತ ಬರುವ ಮೊದಲೇ ನೆಗೆದರೆ ವಾಪಸ್ ನೆಲಕ್ಕೆ ಬರುವ ಹೊತ್ತಿಗೆ ಹಗ್ಗ ಬಿಗಿಯಾಗುತ್ತದೆ, ಆಗ ಮೃದುವಿನ ಬದಲು ಇನ್ನಷ್ಟು ಗಡುಸು. ಬಿಲೇ ಮಾಡುವವರು ಏರುವವರಿಗಿಂತ ಹಗುರವಾಗಿದ್ದರೆ ನೆಗೆಯುವ ಕೆಲಸವನ್ನು ಹಗ್ಗವೇ ಮಾಡುತ್ತದೆ. ಅವರನ್ನು ನೆಲಕ್ಕೆ ಗಟ್ಟಿಯಾಗಿ ಕಟ್ಟಿಹಾಕಿದರೆ ಆ ಲಾಭವೆಲ್ಲ ಹೋಯಿತು. ತೂಕದ ಅಂತರ ಬಹಳವಿದ್ದರೆ ಮಾತ್ರ ಅವರು ಮೊದಲನೆಯ ಬೋಲ್ಟಿಗೆ ಹಗ್ಗವನ್ನು ಸೇರಿಸುವ ಕ್ವಿಕ್‌ಡ್ರಾಗೆ ಹೋಗಿ ಬಡಿಯದಂತೆ ಏನಾದರೂ ಏರ್ಪಾಡು ಬೇಕು. ಏರುವವರು ಎರಡನೆಯ, ಮೂರನೆಯ ಬೋಲ್ಟಿನ ಹತ್ತಿರವೇ ಇದ್ದರೆ ಅಥವಾ ಕೆಳಗೆ ಕಲ್ಲಿನ ಚಾಚು ಇದ್ದರೆ ಮೃದುತನದ ಮಾತೇ ಬೇಡ. ಕೂತು, ಗಟ್ಟಿಯಾಗಿ ಹಿಡಿಯಬೇಕು. ಸೊಂಟ ನೊಂದರೂ ಕಾಲು ಉಳಿಯುತ್ತದೆ.

ಪ್ರಶ್ನೆ: ಬೀಳುವವರಿಗೆ 4 ಕಿಲೋನ್ಯೂಟನ್ ಎಳೆತವಾದರೆ ಮೇಲಿನ ಬೋಲ್ಟಿಗೆ ಎಷ್ಟು?

ಉತ್ತರ: ಸುಮಾರು 6.5. ಅಲ್ಲಿ ಹಗ್ಗದ ಎರಡೂ ಕಡೆಯ ಎಳೆತಗಳು ಕೂಡುತ್ತವೆ: ಏರುವವರ ಕಡೆಯಿಂದ 4, ಘರ್ಷಣೆ ಕಳೆದು ಬಿಲೇ ಕಡೆಯಿಂದ ಸುಮಾರು 2.5. ಇಡೀ ಸರಪಣಿಯಲ್ಲಿ ಅತಿ ಹೆಚ್ಚು ಭಾರ ಬೀಳುವುದು ಆ ಮೇಲಿನ ಆಧಾರದ ಮೇಲೆ. ಬಾಯಿ ಮುಚ್ಚಿದ ಕ್ಯಾರಬಿನರ್ ಉದ್ದಕ್ಕೆ 20 ಕಿಲೋನ್ಯೂಟನ್ ತಾಳಬೇಕೆಂಬ ನಿಯಮವಿರುವುದರಿಂದ ಸಾಮಾನ್ಯವಾಗಿ ಚಿಂತೆಯಿಲ್ಲ. ಆದರೆ ಗೇಟ್ (ತೆರೆಯುವ ಬಾಯಿ) ಕಲ್ಲಿಗೆ ಒತ್ತಿ ತೆರೆದುಕೊಂಡಿದ್ದರೆ ಅದೇ ಕ್ಯಾರಬಿನರಿಗೆ ಬೇಕೆಂದಿರುವ ಬಲ 7 ಮಾತ್ರ. ಮೇಲಿನ ಸಂಖ್ಯೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಗೇಟ್ ಯಾವ ಕಡೆಗೆ ತಿರುಗಿದೆ ಎಂದು ನೋಡುವ ಅಭ್ಯಾಸ ಏಕೆ ಬೇಕೆಂದು ತಿಳಿಯುತ್ತದೆ.

ಹಗ್ಗ ಅಂಕುಡೊಂಕಾಗಿ ಹೋಗಿದ್ದರೆ ಇನ್ನೊಂದು ಕಂಟಕ. ಪ್ರತಿ ತಿರುವಿನಲ್ಲೂ ಘರ್ಷಣೆ ತಿನ್ನುವುದರಿಂದ ಕೆಳಗಿನ ಭಾಗಕ್ಕೆ ಎಳೆತವೇ ತಲುಪುವುದಿಲ್ಲ, ಅದು ಹಿಗ್ಗುವುದೂ ಇಲ್ಲ. 20 ಮೀಟರ್ ಹೊರಗಿದ್ದು 6 ಮೀಟರ್ ಬಿದ್ದರೆ ಕಾಗದದ ಮೇಲೆ ಫ್ಯಾಕ್ಟರ್ 0.3. ಮೇಲಿನ 10 ಮೀಟರ್ ಮಾತ್ರ ಹಿಗ್ಗಿದರೆ ಅದು 0.6ರ ಬೀಳಿನಂತೆ ಬಡಿಯುತ್ತದೆ, 4.3ರ ಜಾಗದಲ್ಲಿ 5.7. ತಿರುವುಗಳಲ್ಲಿ, ಕಲ್ಲಿನ ಸೂರಿನ ಅಂಚಿನಲ್ಲಿ 60 ಅಥವಾ 120 ಸೆಂ.ಮೀ. ಸ್ಲಿಂಗ್ (ಹೊಲಿದ ಪಟ್ಟಿಯ ಕುಣಿಕೆ) ಹಾಕಿ ಹಗ್ಗವನ್ನು ನೆಟ್ಟಗೆ ಮಾಡುವುದು ಬರೀ ಎಳೆಯಲು ಹಗುರವಾಗಲಿ ಎಂದಲ್ಲ.

ಪ್ರಶ್ನೆ: ಫ್ಯಾಕ್ಟರ್ 2 ನಿಜವಾಗಿ ಆಗುವುದು ಯಾವಾಗ?

ಉತ್ತರ: ಹಲವು ಹಂತಗಳ ದಾರಿಯಲ್ಲಿ, ಬಿಲೇ ಜಾಗ ಬಿಟ್ಟು ಮೇಲೆ ಹೋದವರು ಇನ್ನೂ ಒಂದು ಆಧಾರವನ್ನೂ ಹಾಕದೆ ಬಿದ್ದಾಗ. 3 ಮೀಟರ್ ಮೇಲಿದ್ದರೆ 6 ಮೀಟರ್ ಬೀಳುತ್ತಾರೆ, ಹಗ್ಗ 3 ಮೀಟರ್ ಅಷ್ಟೇ. ಎಳೆತ ಅನಿರೀಕ್ಷಿತವಾಗಿ ಕೆಳಮುಖವಾಗಿ ಬರುತ್ತದೆ; ಮೇಲಕ್ಕೆ ಎಳೆಯುತ್ತದೆಂದು ಬ್ರೇಕ್ ಹಿಡಿದ ಕೈ ತಪ್ಪು ಕೋನದಲ್ಲಿರುತ್ತದೆ. ಟ್ಯೂಬ್ ಬಗೆಯ ಬಿಲೇ ಸಾಧನದಲ್ಲಿ 2–3 ಕಿಲೋನ್ಯೂಟನ್ ದಾಟಿದರೆ ಹಗ್ಗ ಜಾರತೊಡಗುತ್ತದೆ, ಅಂಗೈ ಸುಡುತ್ತದೆ. ಕೈಗವಸು ಹಾಕಿ.

ನಿವಾರಣೆ ಸರಳ: ಬಿಲೇ ಜಾಗದಿಂದ ಕೈಗೆಟುಕುವಲ್ಲೇ ಮೊದಲ ಆಧಾರ. ಒಂದೇ ಮೀಟರ್ ಮೇಲೆ ಹಾಕಿದ್ದರೂ ಅದೇ 3 ಮೀಟರಿನಿಂದ ಬಿದ್ದಾಗ 4 ಮೀಟರ್ ಬೀಳು, ಫ್ಯಾಕ್ಟರ್ 1.33. ಬಿಲೇ ಆಂಕರಿನ ಕ್ಯಾರಬಿನರಿನಲ್ಲೇ ಹಗ್ಗ ತೂರಿಸುವವರೂ ಇದ್ದಾರೆ. ಆಗ ಬಿಲೇ ಮಾಡುವವರ ಮೈಮೇಲೆ ನೇರ ಹೊಡೆತ ತಪ್ಪುತ್ತದೆ, ಆದರೆ ಮೇಲೆ ಹೇಳಿದ ಒಂದೂವರೆ ಪಟ್ಟಿಗೂ ಮಿಕ್ಕಿದ ಭಾರ ಆಂಕರಿಗೇ ಬೀಳುತ್ತದೆ. ಎರಡು ಗಟ್ಟಿ ಬೋಲ್ಟ್ ಇದ್ದರೆ ಮಾಡಿ. ಬಿರುಕಿನಲ್ಲಿ ಸಿಕ್ಕಿಸಿದ ನಟ್ಟುಗಳನ್ನು (ಲೋಹದ ಬೆಣೆಗಳನ್ನು) ನಂಬಿ ಮಾಡಬೇಡಿ.

ಪ್ರಶ್ನೆ: ಡೈನೀಮಾ ಎಂಬ ಗಟ್ಟಿ ಕೃತಕ ನಾರಿನ ಸ್ಲಿಂಗ್ 22 ಕಿಲೋನ್ಯೂಟನ್ ತಾಳುತ್ತದೆ. ಹಾಗಿದ್ದರೆ ಆಂಕರಿಗೆ ಅದನ್ನೇ ಕಟ್ಟಿಕೊಂಡು ನಿಲ್ಲಬಾರದೇಕೆ? ಕಡಿಮೆ ಹಿಗ್ಗುವ ಸ್ಟ್ಯಾಟಿಕ್ ಹಗ್ಗದಲ್ಲಿ ಲೀಡ್ ಮಾಡಬಾರದೇಕೆ, ಅಂದರೆ ಅದನ್ನು ಕಟ್ಟಿಕೊಂಡು ಮೊದಲಿಗರಾಗಿ ಏರಬಾರದೇಕೆ?

ಉತ್ತರ: ಎರಡಕ್ಕೂ ಒಂದೇ ಕಾರಣ. 22 ಎಂಬುದು ನಿಧಾನವಾಗಿ ಎಳೆದಾಗಿನ ಬಲ; ಬೀಳುವಾಗ ಬೇಕಾದದ್ದು ಹಿಗ್ಗು. ಸ್ಲಿಂಗಿಗೆ ತೂಗುಬಿದ್ದು ನಿಂತರೆ ತೊಂದರೆಯಿಲ್ಲ. ಆಂಕರಿಗಿಂತ ಮೇಲೆ ಹತ್ತಿ ನಿಂತು ಕಾಲು ಜಾರಿದರೆ ಮಾತ್ರ 60 ಸೆಂ.ಮೀ. ಸ್ಲಿಂಗಿನ ಮೇಲೆ 120 ಸೆಂ.ಮೀ. ಬೀಳು, ಫ್ಯಾಕ್ಟರ್ 2, ಹಿಗ್ಗು ಬಹುತೇಕ ಇಲ್ಲ. ಅದರಲ್ಲೊಂದು ಗಂಟಿದ್ದರೆ ಬಲ ಇನ್ನೂ ಇಳಿಯುತ್ತದೆ. ನುಣುಪಾದ ಡೈನೀಮಾ ಗಂಟಿನಲ್ಲಿ ಜಾರುತ್ತದೆ, ಸುಮಾರು 145 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ, ನೈಲಾನ್ 215ಕ್ಕೂ ಮೇಲೆ. ಏರುವ ಹಗ್ಗವನ್ನೇ ಕ್ಲೋವ್ ಹಿಚ್ ಗಂಟಿನಿಂದ ಆಂಕರಿಗೆ ಕಟ್ಟಿಕೊಳ್ಳುವುದು ಲೇಸು. ಅದು ಹಿಗ್ಗುತ್ತದೆ, ಉದ್ದವನ್ನೂ ಬೇಕಾದಂತೆ ಹೊಂದಿಸಬಹುದು.

ನಾವು ಸ್ಟ್ಯಾಟಿಕ್ ಎನ್ನುವ ಹಗ್ಗ, ಇಎನ್ 1891ರ ಎ ಬಗೆಯದು, ಭಾರ 50ರಿಂದ 150 ಕೆ.ಜಿ.ಗೆ ಏರಿದಾಗ ಹೆಚ್ಚೆಂದರೆ 5% ಹಿಗ್ಗುತ್ತದೆ. 100 ಕೆ.ಜಿ.ಯನ್ನು ಫ್ಯಾಕ್ಟರ್ 0.3ರಲ್ಲಿ ಬೀಳಿಸಿದಾಗ 6 ಕಿಲೋನ್ಯೂಟನ್ ದಾಟಬಾರದು ಎಂಬುದೇ ಅದರ ಮಿತಿ. ಇಳಿಯಲು, ಜುಮಾರ್ (ಹಗ್ಗವನ್ನು ಕಚ್ಚಿಕೊಳ್ಳುವ ಹಿಡಿ) ಹಾಕಿ ಏರಲು, ಸಾಮಾನು ಎಳೆಯಲು ಅದು. ಲೀಡ್ ಮಾಡಿ ಬಿದ್ದರೆ ಹಗ್ಗ ಹರಿಯದೆ ಉಳಿದೀತು, ಮೇಲಿನ ಆಧಾರವೋ ಬೆನ್ನೋ ಉಳಿಯಲಿಕ್ಕಿಲ್ಲ.

ಪ್ರಶ್ನೆ: ಮಳೆಯಲ್ಲಿ ನೆನೆದ ಹಗ್ಗ ಹೆಚ್ಚು ಹಿಗ್ಗುವುದರಿಂದ ಅದೇ ಒಳ್ಳೆಯದಲ್ಲವೇ? ಹಗ್ಗ ಹಾಳಾಗಿದೆ ಎಂದು ಹೇಗೆ ತಿಳಿಯುವುದು?

ಉತ್ತರ: ನೈಲಾನ್ ನೀರು ಕುಡಿಯುತ್ತದೆ. ನೆಂದ ಹಗ್ಗ ಹೆಚ್ಚು ಹಿಗ್ಗುವುದು ನಿಜ, ಆದರೆ ತಾಳುವ ಬೀಳುಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ, ಅಂಚಿಗೆ ಉಜ್ಜಿದರೆ ಬೇಗ ಕೊಯ್ಯುತ್ತದೆ. ಒಣಗಿದರೆ ಬಲದ ಬಹುಪಾಲು ಮರಳುತ್ತದೆ. ನೆರಳಿನಲ್ಲಿ ಒಣಗಿಸಿ, ಬಿಸಿಲಿನಲ್ಲಿ ಬೇಡ. ತೊಳೆಯುವುದಾದರೆ 30 ಡಿಗ್ರಿ ಸೆಲ್ಸಿಯಸ್ ಮೀರದ ನೀರು, ಸೌಮ್ಯ ಸಾಬೂನು.

ಸುಸ್ಥಿತಿಯ ಹಗ್ಗ ಬರೀ ಬೀಳಿನ ಎಳೆತಕ್ಕೆ ಹರಿಯುವುದಿಲ್ಲ. ಅದನ್ನು ಹರಿಯುವುದು ಚೂಪು ಅಂಚು, ನೈಲಾನ್ ಮೇಲೆ ನೈಲಾನ್ ಓಡಿ ಕರಗುವುದು, ಇಲ್ಲವೇ ರಾಸಾಯನಿಕ. ತಿಂಗಳಿಗೊಮ್ಮೆ, ಪ್ರತಿ ದೊಡ್ಡ ಬೀಳಿನ ನಂತರವೂ, ತುದಿಯಿಂದ ತುದಿಗೆ ಬೆರಳುಗಳ ನಡುವೆ ಎಳೆದು ನೋಡಿ. ಪ್ರತಿ ಅಡಿಗೂ ಚಿಕ್ಕ ಕುಣಿಕೆಯಂತೆ ಮಡಚಿ: ಒಳಗೆ ಪೆಟ್ಟಾಗಿದ್ದಲ್ಲಿ ಅದು ದುಂಡಗೆ ಬಾಗದೆ ಚಪ್ಪಟೆಯಾಗಿ ಮುರಿದಂತೆ ಮಡಚಿಕೊಳ್ಳುತ್ತದೆ. ತಿರುಳಿನ ಬಿಳಿ ಕಂಡರೆ, ಕವಚ ಸುಟ್ಟು ಹೊಳಪಾಗಿದ್ದರೆ, ಒಂದು ಕಡೆ ಊದಿದ್ದರೆ ಅಥವಾ ಸೊರಗಿದ್ದರೆ ಆ ಭಾಗ ಕತ್ತರಿಸಿ ತೆಗೆಯಿರಿ. ತುದಿ ಕತ್ತರಿಸಿದರೆ ನಡುಗುರುತು ತಪ್ಪುತ್ತದೆ, ಹಗ್ಗ ಗಿಡ್ಡವಾಗುತ್ತದೆ. ಹೊಸ ಉದ್ದವನ್ನು ಚೀಲದ ಮೇಲೆ ಬರೆದಿಡಿ, ಇಳಿಸುವಾಗ ಇನ್ನೊಂದು ತುದಿಗೆ ಗಂಟು ಹಾಕಿ. ಒಮ್ಮೆಯೂ ಬಳಸದ ಹಗ್ಗಕ್ಕೂ ತಯಾರಕರು ಸಾಮಾನ್ಯವಾಗಿ ಹತ್ತು ವರ್ಷದ ಗಡುವು ಹಾಕಿರುತ್ತಾರೆ.

ಕಣ್ಣಿಗೆ ಕಾಣದೆ ಹಾಳು ಮಾಡುವುದು ಬ್ಯಾಟರಿಯ ಆಮ್ಲ. ಅದರ ಆವಿ ತಾಗಿದರೂ ನೈಲಾನ್ ಒಳಗೊಳಗೇ ಸಾಯುತ್ತದೆ, ಮೇಲೆ ಬಣ್ಣವೂ ಮಾಸದಿರಬಹುದು. ವಾಹನದ ಡಿಕ್ಕಿಯಲ್ಲಿ ಬ್ಯಾಟರಿಯ ಪಕ್ಕ ಬಿದ್ದಿದ್ದ ಹಗ್ಗವನ್ನು ಪರೀಕ್ಷಿಸಲು ಹೋಗಬೇಡಿ, ತುಂಡು ಮಾಡಿ ಎಸೆಯಿರಿ. ಇಡಿಯಾಗಿ ಎಸೆದರೆ ಯಾರಾದರೂ ಎತ್ತಿಕೊಂಡು ಹೋಗಿ ಬಳಸಿಯಾರು.